ಎರಡನೆಯ ಸಲ ಕೇಳದವನು

ಕಾಲೇಜಿನ ವಾಲಿಬಾಲ್ ಪಂದ್ಯ ಮುಗಿದಿತ್ತು. ಹುಡುಗಿಯರು ಗೆದ್ದಿದ್ದರು. ಕ್ರೀಡಾಭವನದ ಬಾಗಿಲಲ್ಲಿ ಜನ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗಿನ ಗಾಳಿಗೆ ಸಿದ್ಧರಾಗುತ್ತಿದ್ದರು. ಆ ನೂಕುನುಗ್ಗಲಿನ ನಡುವೆ ಹಾಲ್ವರ್ ಕ್ವಾಲೆ ತನ್ನ ಟೋಪಿಯನ್ನು ತಲೆಗೆ ಹಾಕದೆ ಕೈಯಲ್ಲೇ ತಿರುಗಿಸುತ್ತ ನಿಂತಿದ್ದ.

"ಡ್ಯಾಗ್ನಿ," ಎಂದ. "ಶನಿವಾರ ನಮ್ಮ ಚರ್ಚಿನಲ್ಲಿ ಮೀನಿನ ಊಟ ಇದೆಯಲ್ಲ. ನನ್ನ ಜೊತೆ ಬರ್ತೀರಾ?"

ಡ್ಯಾಗ್ನಿ ರುಸ್ಟಾಡ್ ಸೋಲ್‌ಹೈಮ್ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥೆ. ಅರವತ್ತು ದಾಟಿದ ಹೆಂಗಸು. ಕ್ಷಣಕಾಲ ಆಕೆಯ ಎದೆ ಹುಡುಗಿಯ ಎದೆಯ ಹಾಗೆ ಹಾರಿತು. ಮುಖ ಮಾತ್ರ ಅಲುಗಲಿಲ್ಲ.

"ಅಯ್ಯೋ, ಬೇಡ ಬಿಡಿ. ನಿಮಗ್ಯಾಕೆ ಸುಮ್ಮನೆ ತೊಂದರೆ?"

"ಸರಿ ಹಾಗಾದ್ರೆ," ಎಂದ ಹಾಲ್ವರ್. ಟೋಪಿ ಹಾಕಿಕೊಂಡ. ಹೊರಟುಹೋದ.

ಡ್ಯಾಗ್ನಿ ಅಲ್ಲೇ ನಿಂತಿದ್ದಳು. ಅವನು ಬಾಗಿಲ ತನಕ ಹೋಗಿ ತಿರುಗಿ ಬರುತ್ತಾನೆ, ಎರಡನೆಯ ಸಲ ಕೇಳುತ್ತಾನೆ ಎಂದು ಕಾದಳು. ಮಿನ್ನೆಸೋಟದ ಆ ಬಯಲುಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಹೂಂ ಎನ್ನುವವರು ಯಾರಿದ್ದಾರೆ? ಕಾಫಿ ಕೊಡಲೇ ಎಂದರೆ ಬೇಡ ಎನ್ನಬೇಕು. ಇನ್ನೊಮ್ಮೆ ಕೇಳಿದರೆ, ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೆಯ ಸಲಕ್ಕೆ, ಹಾಗಿದ್ದರೆ ಅರ್ಧ ಲೋಟ ಸಾಕು ಎಂದು ಲೋಟ ಮುಂದೆ ಹಿಡಿಯಬೇಕು. ನಾರ್ವೆಯಿಂದ ಹಡಗು ಹತ್ತಿ ಬಂದ ಅಜ್ಜಿಯರು ಪೆಟ್ಟಿಗೆಯಲ್ಲಿ ತಂದಿದ್ದ ಮರ್ಯಾದೆ ಅದು. ಹಾಲ್ವರ್ ಕೂಡ ಅದೇ ನೆಲದವನು.

ಹೊರಗೆ ಅವನ ಟ್ರಕ್ಕು ಹೊರಟ ಸದ್ದು ಕೇಳಿಸಿತು.

ಶನಿವಾರ ಬಂತು, ಹೋಯಿತು. ಆಕೆ ಮನೆಯಲ್ಲೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದಳು.

ಇಪ್ಪತ್ತೆರಡರ ಹರೆಯದಲ್ಲಿ ಡ್ಯಾಗ್ನಿ ಈ ಕಾಲೇಜಿಗೆ ವಾಲಿಬಾಲ್ ಕಲಿಸಲು ಬಂದಾಗ ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಕೂಡ ಇರಲಿಲ್ಲ. ಪೊರಕೆ ಇಡುವ ಸಂದಿಯಲ್ಲಿ ಪರದೆ ಕಟ್ಟಿಕೊಟ್ಟವಳು ಅವಳೇ. ಸಮವಸ್ತ್ರ ಒಗೆದಳು. ಉಳುಕಿದ ಪಾದಗಳಿಗೆ ಪಟ್ಟಿ ಸುತ್ತಿದಳು. ಹಿಮ ಬಿದ್ದ ರಸ್ತೆಯಲ್ಲಿ ತಂಡವನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹಾಡು ಹೇಳಿಸುತ್ತ ಊರೂರು ಸುತ್ತಿದಳು. ಮೈದಾನದಿಂದ ಕಚೇರಿಗೆ, ಅಲ್ಲಿಂದ ಉಪಮುಖ್ಯಸ್ಥೆಯ ಕುರ್ಚಿಗೆ, ಕೊನೆಗೆ ಮುಖ್ಯಸ್ಥೆಯ ಕೋಣೆಗೆ ಹೋಗುವಷ್ಟರಲ್ಲಿ ತಲೆಗೂದಲು ನರೆತಿತ್ತು. ಮದುವೆಯ ಮಾತು ಎಂದೋ ಒಮ್ಮೆ ಬಂದು, ಪಂದ್ಯಗಳ ನಡುವೆ ಎಲ್ಲೋ ಕಳೆದುಹೋಗಿತ್ತು.

ಆ ದೊಡ್ಡ ಕುರ್ಚಿಯಲ್ಲಿ ಕೂತ ಮೇಲೆ ತಿಳಿದದ್ದು, ಇನ್ನು ಮೇಲೆ ತನ್ನ ಅರ್ಧ ಕೆಲಸ ಬೇಡುವುದೇ ಎಂದು. ಹಳೆಯ ವಿದ್ಯಾರ್ಥಿಗಳ ಮನೆಗೆ, ಬ್ಯಾಂಕಿನವರ ಮನೆಗೆ, ಬೀಜದ ವ್ಯಾಪಾರಿಗಳ ಮನೆಗೆ ಹೋಗಬೇಕು, ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಲೇಜಿಗಾಗಿ ಕೇಳಬೇಕು. ಬಾಯಾರಿದರೂ ನೀರು ಕೇಳದ ಮನೆಯಲ್ಲಿ ಬೆಳೆದವಳು. ಮೊದಮೊದಲು ದಾನಿಗಳ ಮನೆಯ ಮುಂದೆ ಕಾರು ನಿಲ್ಲಿಸಿ, ದೇವರನ್ನು ನೆನೆದೇ ಇಳಿಯುತ್ತಿದ್ದಳು. ಆಮೇಲೆ ಒಂದು ಬೆರಗು ಅವಳಿಗೆ ಗೋಚರಿಸಿತು. ಕೊಡಬೇಕೆಂಬ ಆಸೆ ಮನುಷ್ಯರ ಒಳಗೆ ಅದೆಷ್ಟು ಆಳದಲ್ಲಿ ನಾಚಿಕೊಂಡು ಕೂತಿರುತ್ತದೆ! ಒಬ್ಬ ಮುದಿ ರೈತ, "ನನ್ನನ್ನ ಇಲ್ಲೀತನಕ ಯಾರೂ ಕೇಳೇ ಇರಲಿಲ್ಲ," ಎಂದು ಅತ್ತಿದ್ದ. ಅಂದಿನಿಂದ ಅವಳಿಗೆ ಆ ಕೆಲಸ ಪ್ರಾರ್ಥನೆಯ ಇನ್ನೊಂದು ಬಗೆಯಾಯಿತು.

ಈಗ ಅವಳ ಕೊನೆಯ ಆಸೆ ಒಂದೇ. ಸೋರುವ ಈ ಹಳೆಯ ಭವನದ ಜಾಗದಲ್ಲಿ ಹುಡುಗಿಯರಿಗೆ ಹೊಸದೊಂದು ಕ್ರೀಡಾಭವನ. ಅದಕ್ಕೆ ದೊಡ್ಡ ಕೈಯಿಂದ ಕೊಡಬಲ್ಲವನು ಊರಿನಲ್ಲಿ ಒಬ್ಬನೇ, ಟ್ರಾಕ್ಟರು ಮಾರುವ ಹಾಲ್ವರ್ ಕ್ವಾಲೆ. ಅವನ ಹೆಂಡತಿ ರೋಸಾಗೆ ವಾಲಿಬಾಲ್ ಎಂದರೆ ಪ್ರಾಣ. ಅವಳು ತೀರಿಕೊಂಡ ಮೇಲೂ ಅವನು ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಅವನನ್ನು ನೋಡಿ ಬರುವುದು ಡ್ಯಾಗ್ನಿಯ ಕೆಲಸ. ಎರಡು ವರ್ಷ ಅವನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಳು. ಊರಿಗೆಲ್ಲ ಗೊತ್ತಿದ್ದ ಕಟ್ಟಡದ ಮಾತನ್ನು ಅವಳು ಮಾತ್ರ ಇನ್ನೂ ಎತ್ತಿರಲಿಲ್ಲ.

ಮೀನಿನ ಊಟದ ಮರುವಾರದ ಪಂದ್ಯಕ್ಕೆ ಹಾಲ್ವರ್ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಆ ಸಂಜೆ ಎತ್ತರದ ಹುಡುಗಿಯೊಬ್ಬಳು ಬಲೆಯ ಮುಂದೆ ನೆಗೆದಳು. ನೆಗೆದವಳು ಇಳಿಯುವುದನ್ನು ಮರೆತ ಹಾಗೆ ಕ್ಷಣಕಾಲ ಗಾಳಿಯಲ್ಲಿ ನಿಂತಳು. ಇಷ್ಟು ವರ್ಷ ನೋಡಿದರೂ ಆ ಕ್ಷಣ ಬಂದಾಗ ಡ್ಯಾಗ್ನಿಯ ಉಸಿರು ನಿಲ್ಲುತ್ತಿತ್ತು. ಮಣ್ಣಿನಿಂದ ಮಾಡಿದ ಮೈಗೆ ದೇವರು ಇದನ್ನೂ ಕೊಟ್ಟನಲ್ಲ ಎಂದು ಮನಸ್ಸು ಬಾಗುತ್ತಿತ್ತು. ಅಂಥ ಕ್ಷಣಗಳಲ್ಲಿ ಆಕೆ ಎದುರಿನ ಸಾಲಿನತ್ತ ನೋಡುವುದು ರೂಢಿ. ಹಾಲ್ವರ್ ಕೂಡ ಬಾಯಿ ತೆರೆದುಕೊಂಡು, ಚಪ್ಪಾಳೆ ಮರೆತು, ಅವಳತ್ತ ನೋಡುತ್ತಿರುತ್ತಿದ್ದ. ಕಂಡೆಯಾ ಎಂದು ಅವನ ಹುಬ್ಬು ಕೇಳುತ್ತಿತ್ತು, ಕಂಡೆ ಎಂದು ಅವಳ ತಲೆ ಆಡುತ್ತಿತ್ತು. ಇಂದು ಆ ಬೆರಗನ್ನು ಹಂಚಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಅವಳ ಕಣ್ಣು ತುಂಬಿಬಂತು.

ಟಿಕೆಟ್ ಕೊಡುವ ಬರ್ನೀಸ್ ಅವಳ ಹಳೆಯ ಗೆಳತಿ. ಜನ ಹೋದ ಮೇಲೆ ಪಾಪ್‌ಕಾರ್ನ್ ಯಂತ್ರ ಒರೆಸುತ್ತ ಕೇಳಿದಳು.

"ಏನೇ, ನಿನ್ನ ಟ್ರಾಕ್ಟರಪ್ಪ ಕಾಣ್ತಾನೇ ಇಲ್ಲ?"

"ನನ್ನವನು ಅಂತ ಯಾರು ಹೇಳಿದ್ದು?"

"ಊರು ಹೇಳುತ್ತೆ. ನೀನೊಬ್ಬಳು ಹೇಳಲ್ಲ ಅಷ್ಟೆ. ಮೀನಿನ ಊಟಕ್ಕೂ ಒಬ್ಬನೇ ಬಂದಿದ್ದ. ತಟ್ಟೆ ಮುಂದೆ ಇಟ್ಕೊಂಡು ಆಲೂಗಡ್ಡೆ ರೊಟ್ಟಿ ಹರೀತಾ ಕೂತಿದ್ದ, ಪಾಪ."

"ನನ್ನ ಕರೆದಿದ್ದ. ಬೇಡ ಅಂದೆ."

"ಆ ಮೀನಿನ ವಾಸನೆಗೆ ಅಂದಿದ್ರೆ ಸರಿಯೇ. ಎರಡನೇ ಸಲ ಏನಂದ?"

"ಎರಡನೇ ಸಲ ಕೇಳಲೇ ಇಲ್ಲ ಕಣೇ."

ಬರ್ನೀಸ್ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. "ಅಯ್ಯೋ ನನ್ನ ಪೆದ್ದಿ! ಅವನು ಕೇಳ್ತಾನಾ? ರೋಸಾ ಶಿಕಾಗೋದವಳು, ಇಟಲಿ ಮನೆತನದವಳು. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಮದುವೆಯಾದ ಹೊಸದರಲ್ಲಿ ಅವಳು ಊಟ ಬೇಕಾ ಅಂದ್ಲಂತೆ, ಇವನು ಬೇಡ ಅಂದ್ನಂತೆ. ಪಾತ್ರೆ ಎತ್ತಿಟ್ಟು ಮಲಗೇಬಿಟ್ಲಂತೆ! ಅಷ್ಟು ವರ್ಷ ಅವಳ ಕೈಯಲ್ಲಿ ಪಳಗಿದೋನು. ನೀನು ಬೇಡ ಅಂದೆ, ಅವನು ಬೇಡ ಅಂತಲೇ ತಿಳ್ಕೊಂಡ."

ಡ್ಯಾಗ್ನಿ ಬೆಂಚಿನ ಮೇಲೆ ಕೂತುಬಿಟ್ಟಳು.

"ಹೋಗಿ ನೀನೇ ಕೇಳು," ಎಂದಳು ಬರ್ನೀಸ್. "ಊರೆಲ್ಲ ಕೇಳ್ತೀಯಾ. ನಿನಗೋಸ್ಕರ ಒಂದು ಸಲ ಕೇಳೋಕೆ ಬಾಯಿಗೆ ಏನು ಬಂದಿದೆ?"

ಮರುದಿನ ಬೆಳಿಗ್ಗೆ ಕಾಲೇಜಿನ ಅಧ್ಯಕ್ಷ ವಿಟ್‌ಕೊಂಬ್ ಹೊಸ ಭವನದ ನಕ್ಷೆಯ ಸುರುಳಿಯನ್ನು ಅವಳ ಮುಂದಿಟ್ಟರು. ಟೆಕ್ಸಾಸಿನಿಂದ ಬಂದವರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ತಿಳಿಯದು.

"ಎರಡು ವರ್ಷ ಕಾಫಿ ಕುಡಿದಿದ್ದು ಸಾಕು ಡ್ಯಾಗ್ನಿ. ಈ ವಾರ ಹೋಗಿ ಕ್ವಾಲೆಯವರನ್ನ ಕೇಳಿಬಿಡಿ."

"ನಾನು ಕೇಳೋ ಹಾಗಿಲ್ಲ."

"ಅಂದ್ರೆ?"

"ಅವರ ಹತ್ರ ನಾನು ಬೇರೆ ಒಂದು ಕೇಳೋದಿದೆ. ನನ್ನ ಸ್ವಂತಕ್ಕೆ. ಎರಡನ್ನೂ ಒಂದೇ ಬಾಯಲ್ಲಿ ಕೇಳೋದು ಧರ್ಮ ಅಲ್ಲ."

ವಿಟ್‌ಕೊಂಬ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಇನ್ನೇನೋ ಬಂತು.

"ಹಾಗಾದ್ರೆ ಕಟ್ಟಡದ ಕೆಲಸ ಪೂರ್ತಿ ನಿಮ್ಮ ಕೈಬಿಟ್ಟು ಹೋಗಬೇಕಾಗುತ್ತೆ. ನಿಮ್ಮ ಕಚೇರಿಗೆ ಹೊಸದಾಗಿ ಬಂದ ಕರಿನ್‌ಗೆ ಕೊಡ್ತೀನಿ. ಅವಳಿಗೆ ಅವರ ಪರಿಚಯವೇ ಇಲ್ಲ. ಅವರು ಆಗಲ್ಲ ಅಂದುಬಿಟ್ರೆ?"

"ಗೊತ್ತು."

"ನೀವು ಜೀವಮಾನ ಸವೆಸಿದ್ದು ಈ ಭವನಕ್ಕೇ ಅಲ್ವಾ?"

"ಗೊತ್ತು ಅಂದೆನಲ್ಲ," ಎಂದಳು ಡ್ಯಾಗ್ನಿ. ನಕ್ಷೆಯ ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಒಪ್ಪಿಸುವ ಹಾಗೆ, ಅವರಿಗೆ ಹಿಂದಿರುಗಿಸಿದಳು.

ಸುಗ್ಗಿ ಮುಗಿದಿತ್ತು. ಹಾಲ್ವರನ ಅಂಗಡಿಯ ಹಿಂದಿನ ದೊಡ್ಡ ಕೊಟ್ಟಿಗೆಯಲ್ಲಿ ರಿಪೇರಿಗೆ ಬಂದ ಕಟಾವಿನ ಯಂತ್ರಗಳು ಸಾಲಾಗಿ ನಿಂತಿದ್ದವು. ಅವನು ಒಂದರ ಕೆಳಗಿನಿಂದ ಎದ್ದು ಬಂದ. ಕೈಯೆಲ್ಲ ಗ್ರೀಸು.

"ನಕ್ಷೆ ತಂದಿದ್ದೀರಾ?" ಎಂದ. ಮುಖದಲ್ಲಿ ನಗುವಿರಲಿಲ್ಲ.

"ಇಲ್ಲ. ಅದನ್ನ ಕರಿನ್ ತರ್ತಾಳೆ. ಅವಳಿಗೆ ನೀವು ಹೂಂ ಅನ್ನಿ, ಊಹೂಂ ಅನ್ನಿ. ನಾನು ಆ ಕೆಲಸದಲ್ಲಿ ಇಲ್ಲ."

"ಯಾಕೆ, ತೆಗೆದುಹಾಕಿದ್ರಾ?"

"ನಾನೇ ಬಿಟ್ಟೆ."

ಹಾಲ್ವರ್ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ಅವತ್ತು ನೀವು ಬೇಡ ಅಂದ್ರಿ. ಮನೆಗೆ ಹೋಗಿ ಯೋಚನೆ ಮಾಡಿದೆ. ನೀವು ಬರ್ತಿದ್ದದ್ದು ಕಾಲೇಜಿನ ಕೆಲಸದ ಮೇಲೆ. ಈ ಮುದುಕ ಅದನ್ನ ಬೇರೆ ಏನೋ ಅಂದ್ಕೊಂಡ. ನಾಚಿಕೆಯಾಯ್ತು. ಪಂದ್ಯಕ್ಕೆ ಬಂದು ನಿಮ್ಮ ಮುಖ ನೋಡೋಕಾಗಲಿಲ್ಲ."

"ಕೆಲಸದ ಮೇಲೇ ಬರ್ತಿದ್ದೆ, ಮೊದಲನೇ ವರ್ಷ," ಎಂದಳು ಡ್ಯಾಗ್ನಿ. "ಆಮೇಲೆ ಕೆಲಸದ ನೆವ ಹೇಳ್ಕೊಂಡು ಬರ್ತಿದ್ದೆ. ಅದಕ್ಕೇ ಕಟ್ಟಡದ ಮಾತು ಬಾಯಿಂದ ಹೊರಡಲಿಲ್ಲ. ಕೇಳಿ, ನೀವು ಕೊಟ್ಟುಬಿಟ್ರೆ, ಮತ್ತೆ ಬರೋಕೆ ಏನಿರ್ತಿತ್ತು ನನಗೆ?"

ಹಾಲ್ವರನ ಬಾಯಿಯ ಒಂದು ಮೂಲೆ ಮೇಲೆದ್ದಿತು.

"ನೀವು ಕೇಳೋ ಮೊದಲೇ ನಾನ್ಯಾಕೆ ಕೊಡಲಿಲ್ಲ ಅಂತ ತಿಳಿದ್ರಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೊಟ್ಟಿಗೆಯ ತಗಡಿನ ಮೇಲೆ ಗಾಳಿ ಬಡಿಯುತ್ತಿತ್ತು.

"ಇವತ್ತು ನನಗೋಸ್ಕರ ಒಂದು ಕೇಳ್ತೀನಿ," ಎಂದಳು ಡ್ಯಾಗ್ನಿ. "ಭಾನುವಾರ ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಬಂದು ಕೂರ್ತೀರಾ?"

ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಯಾರ ಬೆಂಚು ಯಾವುದೆಂದು ಮಕ್ಕಳಿಗೂ ಗೊತ್ತು. ಗಂಡಸು ಹೆಂಗಸು ಒಂದೇ ಬೆಂಚಿನಲ್ಲಿ ಕೂತರೆ ಉಂಗುರ ಬರುವುದಷ್ಟೇ ಬಾಕಿ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಕೊಡುವವನಿಗೆ ಯೋಚಿಸಲು ಹೊತ್ತು ಬಿಡಬೇಕು ಎಂದು ಕಚೇರಿಯ ಹೊಸಬರಿಗೆಲ್ಲ ಕಲಿಸಿದವಳು ಡ್ಯಾಗ್ನಿಯೇ. ಈಗ ಅವಳ ಬಾಯಿ ನಿಲ್ಲಲಿಲ್ಲ. "ಕಿಟಕಿ ಪಕ್ಕದ್ದು. ಚಳಿ ಸ್ವಲ್ಪ ಹೆಚ್ಚು. ನಿಮಗೆ ಬೆನ್ನು ನೋವು ಅಂತ ಗೊತ್ತು, ದಿಂಬು ತರ್ತೀನಿ. ಜನ ನೋಡ್ತಾರೆ, ನೋಡಲಿ, ನನಗೇನೂ ಇಲ್ಲ. ನಿಮಗೆ ಕಷ್ಟ ಆಗೋದಾದ್ರೆ..."

"ಡ್ಯಾಗ್ನಿ," ಎಂದ ಹಾಲ್ವರ್. "ಉಸಿರು ತಗೋ."

ಅವಳು ಉಸಿರು ತೆಗೆದುಕೊಂಡಳು.

"ನನ್ನ ಬೆಂಚು ಇದೆಯಲ್ಲ, ರೋಸಾ ಪಕ್ಕ ಕೂತ ಜಾಗ ಅದು. ಅವಳು ಹೋದ ಮೇಲೂ ಅಲ್ಲೇ ಕೂರ್ತೀನಿ. ಅಲ್ಲಿಂದ ಏಳೋದು ಅಂದ್ರೆ ಏನು ಅಂತ ನನಗೇ ತಿಳೀದು. ಮನಸ್ಸು ಇವತ್ತೇ ಬಂದು ಕೂತಾಯ್ತು. ಕಾಲು ಬರುತ್ತೋ ಇಲ್ಲವೋ, ಸುಳ್ಳು ಹೇಳಲಾರೆ."

"ಬರದಿದ್ರೂ ತಪ್ಪು ತಿಳಿಯಲ್ಲ," ಎಂದಳು ಡ್ಯಾಗ್ನಿ. ಕಾರು ನಡೆಸಿಕೊಂಡು ಹಿಂದಿರುಗುವಾಗ ಅವಳಿಗೆ ರೋಸಾಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಹೋದವರನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವ ಎದೆಯಲ್ಲಿಯೇ ಇನ್ನೊಬ್ಬರಿಗೂ ದೇವರು ಜಾಗ ಮಾಡುತ್ತಾನಲ್ಲ, ಅದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ತಲೆಬಾಗುವುದನ್ನು ಅವಳು ಬಲ್ಲಳು.

ಭಾನುವಾರ ಬೆಳಿಗ್ಗೆ, ಹಿಂದಿನ ರಾತ್ರಿಯೆಲ್ಲ ಸುರಿದ ಮೊದಲ ಹಿಮ ಚರ್ಚಿನ ಕಿಟಕಿಗಳನ್ನು ಬೆಳಗಿತ್ತು. ಡ್ಯಾಗ್ನಿ ತನ್ನ ಬೆಂಚಿನಲ್ಲಿ ಕೂತು, ಪಕ್ಕದ ಖಾಲಿ ಜಾಗದಲ್ಲಿ ಕೋಟನ್ನು ಮಡಿಸಿಟ್ಟಿದ್ದಳು. ಹಿಂದಿನ ಸಾಲಿನಲ್ಲಿ ಬರ್ನೀಸ್ ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು. ಗಂಟೆ ಹೊಡೆಯಿತು. ಆರ್ಗನ್ ಶುರುವಾಯಿತು. ಹಾಲ್ವರ್ ಬಂದಿರಲಿಲ್ಲ.

ಆಗ ಬಾಗಿಲು ತೆರೆಯಿತು.

ಅವನು ಬೂಟಿನ ಹಿಮ ಕೊಡವಿ ನಡುದಾರಿಯಲ್ಲಿ ನಡೆದು ಬಂದ. ತನ್ನ ಹಳೆಯ ಬೆಂಚಿನ ಬಳಿ ನಿಂತ. ಆಚೀಚೆ ಕೂತವರು ಜಾಗ ಬಿಡಲು ಸರಿದರು. ಅವನು ಕೂರಲಿಲ್ಲ. ಬೆಂಚಿನ ಅಂಚಿನ ಮೇಲೆ, ಯಾರದೋ ಭುಜದ ಮೇಲೆ ಇಡುವ ಹಾಗೆ, ಕೈಯಿಟ್ಟ. ತುಂಬ ಹೊತ್ತು ಹಾಗೇ ಇದ್ದ. ಇಡೀ ಚರ್ಚು ಹಾಡಿನ ಪುಸ್ತಕ ನೋಡುವ ನಟನೆ ಮಾಡುತ್ತ ಅವನನ್ನೇ ನೋಡುತ್ತಿತ್ತು.

ಡ್ಯಾಗ್ನಿ ಮಾತ್ರ ನೋಡಲಿಲ್ಲ. ಕಣ್ಣು ಮುಚ್ಚಿದ್ದಳು. ಈ ಒಂದು ಸಲ ಅವಳು ದೇವರಲ್ಲಿಯೂ ಏನನ್ನೂ ಕೇಳಲಿಲ್ಲ.

ಪಕ್ಕದಲ್ಲಿ ಮರ ಕಿರುಗುಟ್ಟಿತು. ಗ್ರೀಸಿನ ವಾಸನೆ ಪೂರಾ ಹೋಗದ ದಪ್ಪ ಕೈಯೊಂದು ಅವಳ ಕೋಟನ್ನು ಎತ್ತಿ ಅವಳ ತೊಡೆಯ ಮೇಲೆ ಮೆಲ್ಲನೆ ಇಟ್ಟಿತು.

"ನಿಜವಾಗ್ಲೂ ಇಲ್ಲಿ ಚಳಿ ಜಾಸ್ತಿ," ಎಂದು ಹಾಲ್ವರ್ ಪಿಸುಗುಟ್ಟಿದ.

ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ಚಿಕ್ಕಂದಿನಿಂದ ಹಾಡಿದ ಹಾಡು. ಆದರೆ ಡ್ಯಾಗ್ನಿಯ ದನಿಯ ಅಡಿಯಲ್ಲಿ ಈ ತನಕ ಇಂಥ ತಗ್ಗಿನ, ತುಂಬಿದ ದನಿಯೊಂದು ನಿಂತಿರಲಿಲ್ಲ. ಮೊದಲ ಚರಣ ಅವಳಿಂದ ಹಾಡಲಾಗಲಿಲ್ಲ. ಆ ದನಿ ತನ್ನ ಕಾಲಡಿಯ ಹಲಗೆಯನ್ನು, ಎದೆಗೂಡನ್ನು ನಡುಗಿಸುತ್ತಿದ್ದುದನ್ನು ಕೇಳುತ್ತ ಸುಮ್ಮನೆ ನಿಂತಳು. ಎರಡನೆಯ ಚರಣಕ್ಕೆ ಅವನು ಪುಸ್ತಕವನ್ನು ಅವಳತ್ತ ಸರಿಸಿದ. ಇಬ್ಬರಿಗೂ ಆ ಹಾಡು ಬಾಯಿಪಾಠ. ಆದರೂ ಒಂದು ಅಂಚನ್ನು ಅವನು ಹಿಡಿದ, ಇನ್ನೊಂದನ್ನು ಅವಳು ಹಿಡಿದಳು.