ಕರಜಗಿಯ ಹಗೇವು

ಲಾಟೀನು ಆರಿತು.

ಗಾಳಿಗೆ ಅಲ್ಲ. ಹಗೇವಿನೊಳಗೆ ಗಾಳಿ ಎಲ್ಲಿಂದ ಬೀಸಬೇಕು? ನೆಲದ ಮೇಲಿಟ್ಟ ದೀಪ ಮೊದಲು ಸಣ್ಣಗಾಯಿತು. ಆಮೇಲೆ ಇಲ್ಲವಾಯಿತು. ಮೇಲೆ ಮೇ ತಿಂಗಳ ಮಟಮಟ ಮಧ್ಯಾಹ್ನ. ಕೆಳಗೆ ನನ್ನ ಕಾಲು ಜೋಮು ಹಿಡಿಯುವಷ್ಟು ಥಂಡಿ.

"ಸಾಹೇಬ್ರ," ಕತ್ತಲಲ್ಲಿ ಏಜಾಜ ಹೇಳಿದ. "ನಮ್ಮ ಟ್ಯಾಂಕರ್ ಬಂದದ."

ಅದು ನನಗೂ ಗೊತ್ತಾಗಿತ್ತು. ತಲೆಯ ಮೇಲಿನ ಬಾಯಿಯಿಂದ ದಪ್ಪ ಪೈಪು ಇಳಿದಿತ್ತು. ಸುತ್ತಲೂ ಗೋಣಿಚೀಲ ತುರುಕಿದ್ದರು. ನಾನು ಇಳಿದು ಬಂದ ಹಗ್ಗವನ್ನು ಮೇಲಕ್ಕೆಳೆದುಕೊಂಡಿದ್ದರು. ಪೈಪಿನಿಂದ ಬಿಳಿ ಹೊಗೆ ಸುರಿಯುತ್ತಿತ್ತು. ಸೋಡಾ ಕುಡಿದಾಗ ಮೂಗಿಗೆ ಹತ್ತುವ ಚುರುಕು... ಅದೇ ವಾಸನೆ.

ನೀವು ಹಗೇವು ನೋಡಿರಲಿಕ್ಕಿಲ್ಲ. ನೆಲದಡಿಯ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಹಿಡಿಸುವಷ್ಟು. ಹೊಟ್ಟೆ ದೊಡ್ಡದು. ಇದು ಹತ್ತು ಅಡಿ ಆಳದ್ದು, ಬಾಯಿ ಒಂದು ಬದಿಯ ಗೋಡೆಯ ನೇರಕ್ಕಿತ್ತು. ಕರಜಗಿಯ ಚಂದಮ್ಮನ ಹಳೆಯ ವಾಡೆಯ ಅಂಗಳದಲ್ಲಿತ್ತು. ಜೋಳ ತುಂಬುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಶಿವಪ್ರಕಾಶ," ಮೇಲಿನಿಂದ ಜಗದೇವಪ್ಪನ ದನಿ. ತಣ್ಣಗಿತ್ತು. "ತಪ್ಪು ತಿಳ್ಕೋಬ್ಯಾಡ. ಗ್ಯಾಸ್ ನೆಲದಾಗ ಇಡೋದು ನಿಮ್ಮ ಕಂಪನಿ ಕೆಲಸ ಅಲ್ಲೇನು? ನಾ ಅದನ್ನೇ ಮಾಡಾಕತ್ತೇನಿ."

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಂಪನಿಯ ಕೆಲಸ ಅದೇ. ಕರಜಗಿ ಕಡೆಯ ಡಿಸ್ಟಿಲರಿಯಲ್ಲಿ ಕಬ್ಬಿನ ಕಾಕಂಬಿ ಹುಳಿಯುವಾಗ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಅದನ್ನು ಗಾಳಿಗೆ ಬಿಡದೆ ಹಿಡಿಯುತ್ತಾರೆ. ಒತ್ತಿ, ತಣಿಸಿ, ನೀರಿನಂತೆ ಮಾಡಿ ಟ್ಯಾಂಕರಿಗೆ ತುಂಬುತ್ತಾರೆ. ಅಫಜಲಪುರ ದಾಟಿ, ಆಳಂದ ದಾಟಿ, ಮಾದನಹಿಪ್ಪರಗಾದ ಆಚೆ ಒಂದು ಆಳದ ಬೋರಿನಲ್ಲಿ ಕರಿಕಲ್ಲಿನೊಳಕ್ಕೆ ಇಳಿಸುತ್ತಾರೆ. ಅಲ್ಲಿ ಅದೂ ಕಲ್ಲಾಗುತ್ತದಂತೆ. ನಾನು ನೋಡಿಲ್ಲ.

ನನ್ನ ಕಾರ್ಡಿನಲ್ಲಿ ಲಿಯೇಜಾನ್ ಆಫೀಸರ್ ಎಂದಿತ್ತು, ಕಂಪನಿಗೂ ಊರಿನವರಿಗೂ ನಡುವಿನವನು. ಹಿಂದೆ ಜೇವರ್ಗಿಯಲ್ಲಿ ಪೊಲೀಸ್ ಆಗಿದ್ದೆ. ಆಮೇಲೆ ಜನರ ಬಾಯಿ ಮುಚ್ಚಿಸುತ್ತಿದ್ದೆ. ಊರೂರಿಗೆ ಹೋಗಿ "ಸೋಡಾದಾಗಿನ ಗ್ಯಾಸ್ ರಿ, ಏನೂ ಆಗಂಗಿಲ್ಲ" ಅಂದವನು ನಾನೇ.

ಜಗದೇವಪ್ಪ ಟ್ಯಾಂಕರ್ ಕಂಟ್ರಾಕ್ಟರ್. ಬೋರು ನಿಧಾನಕ್ಕೆ ಕುಡಿಯುತ್ತದೆ, ಅವನಿಗೆ ಟ್ರಿಪ್ಪು ಜಾಸ್ತಿ ಬೇಕು. ಹಾಗಾಗಿ ಅರ್ಧ ಟ್ಯಾಂಕರುಗಳನ್ನು ದಾರಿಯ ಪಾಳು ಕಲ್ಲಿನ ಖಣಿಯಲ್ಲಿ ಖಾಲಿ ಮಾಡಿಸುತ್ತಿದ್ದ. ಆ ಗ್ಯಾಸು ಗಾಳಿಗಿಂತ ಭಾರ. ತಗ್ಗು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಒಂದು ದಿನ ಅಂಬಾರಾಯ ಎಂಬ ಕುರಿಗಾಹಿ ನೆರಳಿಗೆಂದು ಖಣಿಗೆ ಇಳಿದ. ಮೂವತ್ತು ಕುರಿ, ಒಬ್ಬ ಮನುಷ್ಯ. ಬಿಸಿಲು ಬಡಿದು ಸತ್ತ ಎಂದು ಪಂಚನಾಮೆ ಬರೆಸಿದೆ. ನಿಜ ನನಗೆ ಗೊತ್ತಿತ್ತು. ಅವತ್ತು ರಾತ್ರಿ ಊಟವನ್ನೂ ಮಾಡಿದೆ.

ಏಜಾಜ ಆ ಟ್ಯಾಂಕರಿನ ಡ್ರೈವರ್. ಖಣಿಯಲ್ಲಿ ಗ್ಯಾಸ್ ಬಿಡುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ನಾಪತ್ತೆಯಾದ.

"ಫೋನ್ ತಗೊಂಡು ಬನ್ನಿ," ಅಂದರು ಕಂಪನಿಯ ಸಾಹೇಬರು. "ಹುಡುಗ ಮುಖ್ಯ ಅಲ್ಲ."

ಏಜಾಜ ಹುಟ್ಟಿ ಬೆಳೆದದ್ದು ಕರಜಗಿಯಲ್ಲಿ, ಚಂದಮ್ಮನ ಪಕ್ಕದ ಮನೆಯಲ್ಲಿ. ಹುಡುಕುವುದು ಕಷ್ಟವಾಗಲಿಲ್ಲ. ಆಳಂದದಿಂದ ಹೊರಟಾಗ ಬೆನ್ನಿಗೆ ಒಂದು ಬಿಳಿ ಜೀಪು ಬಿತ್ತು. ಬೈಕನ್ನು ಕಬ್ಬಿನ ಗದ್ದೆಯ ಬದುವಿಗೆ ಇಳಿಸಿದೆ. ಎರಡು ಸಲ ಬಿದ್ದೆ. ಮೊಣಕೈ ಕಿತ್ತುಹೋಯಿತು. ಜೀಪು ಹಿಂದುಳಿಯಿತು. ನನ್ನ ಜಾಣತನಕ್ಕೆ ನಾನೇ ಭೇಷ್ ಅಂದುಕೊಂಡೆ. ಕಬ್ಬಿನೊಳಗೆ ಹೊಕ್ಕವನು ಕರಜಗಿಗೇ ಹೋಗುತ್ತಾನೆ ಎಂದು ತಿಳಿಯಲು ಜಗದೇವಪ್ಪನಿಗೆ ಎಷ್ಟು ಹೊತ್ತು ಬೇಕು?

ಏಜಾಜನನ್ನು ಅಡಗಿಸಿಟ್ಟಿದ್ದ ಚಂದಮ್ಮ ನನ್ನನ್ನು ನಂಬಿ ಹಗೇವಿನ ಕಲ್ಲು ಸರಿಸಿದರು. "ದೀಪ ಬಿಟ್ಟು ನೋಡಿ ಇಳಿಯಪ್ಪಾ," ಅಂದರು. ದೀಪ ಚೆನ್ನಾಗಿ ಉರಿಯಿತು. ಇಳಿದೆ.

"ಫೋನ್ ಕೊಡು ಲೇ, ಏಜಾಜ," ಅಂದೆ.

"ಕೊಟ್ಟರ ಅಂಬಾರಾಯ ಬಿಸಿಲಿಗೆ ಸತ್ತಂಗಾತು."

"ನಿನಗ್ಯಾಕ ಬೇಕು?"

"ವಾಲ್ ತಿರುವಿದ್ದು ನನ್ನ ಕೈ ರಿ, ಸಾಹೇಬ್ರ."

ಆಗಲೇ ಮೇಲೆ ಇಂಜಿನ್ನಿನ ಸದ್ದು ಕೇಳಿತು. ಚಂದಮ್ಮ ಯಾರನ್ನೋ ಬೈದರು. ಬಾಗಿಲು ಬಡಿದ ಸದ್ದು. ಅವರನ್ನು ಅಡಿಗೆಮನೆಯೊಳಗೆ ಹಾಕಿ ಚಿಲಕ ಹಾಕಿದ್ದರು. ಬೆಳಕು ಹೋಯಿತು. ಉಳಿದದ್ದನ್ನು ಆಗಲೇ ಹೇಳಿದೆ.

ಈಗ ಉಸಿರು ತಾನೇ ಜೋರಾಯಿತು. ಓಡಿ ಬಂದವನ ಉಸಿರು. ನಿಂತಲ್ಲೇ ನಿಂತಿದ್ದೆ. ಹಣೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ.

"ವಾಲ್ ಮ್ಯಾಲ ಯಾರದಾರ?" ಏಜಾಜ ಕೇಳಿದ.

"ಜಗದೇವಪ್ಪನ ಆಳು, ಆ ದೊಡ್ಡಪ್ಪ ಅನ್ನಾಂವ, ಅವನ ದನಿ ಕೇಳ್ತು."

"ಅವ ನೀರಿನ ಟ್ಯಾಂಕರಿನಂವ. ಜಗದೇವಪ್ಪನೂ ಮೊದಲ ನೀರಿನ ಟ್ಯಾಂಕರ್ ಓಡಿಸಿದಂವನ." ಅವನಿಗೆ ಮಾತಿಗೊಂದು ಉಸಿರು ಬೇಕಾಗಿತ್ತು. "ಇದನ್ನ ನೀರು ಬಿಟ್ಟಂಗ ಬಿಡಬಾರದು. ಪ್ರೆಶರ್ ಒಮ್ಮೆಲೇ ಇಳದ್ರ ಗ್ಯಾಸ್ ಪೈಪಿನ್ಯಾಗ ಹೆಪ್ಪುಗಟ್ಟಿ ಬರ್ಫ ಆಗ್ತದ. ನಿಂದರ್ತದ ನೋಡ್ರಿ... ಅಲ್ಲೀತನ ತಡೀಬೇಕು."

"ಹೆಂಗ ತಡಿಯೋದು?"

"ಗ್ಯಾಸ್ ತೆಳಗಿಂದ ಏರ್ತದ. ನೀವು ಎತ್ತರ ಅದೀರಿ. ನನ್ನ ಹೆಗಲ ಮ್ಯಾಲ ಹತ್ರಿ. ಬಾಯಿಗೆ ಕೈ ಸಿಗ್ತದ. ಸಿಕ್ಕರ ನನ್ನ ಎಳ್ಕೋರಿ."

ಫೋನನ್ನು ನನ್ನ ಜೇಬಿಗೆ ತುರುಕಿದ. ಗೋಡೆಗೆ ಬೆನ್ನು ಕೊಟ್ಟು ಕುಳಿತ. ನಾನು ಹತ್ತಿದೆ. ಅವನು ಎದ್ದು ನಿಂತ.

ಕೈ ಬಾಯಿಯ ಕಲ್ಲಿಗೆ ತಾಗಿತು. ಗೋಣಿಚೀಲವನ್ನು ತಳ್ಳಿದೆ. ಯಾರೋ ಬೆರಳಿನ ಮೇಲೆ ಕಾಲಿಟ್ಟು ತುಳಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಚೀಲದ ಸಂದಿಯಲ್ಲಿ ಒಂದಿಷ್ಟು ಗಾಳಿ ಬರುತ್ತಿತ್ತು, ಬಿಸಿ ಗಾಳಿ. ಅಲ್ಲಿಗೆ ಮೂಗು ಹಚ್ಚಿದೆ.

ಒಬ್ಬರಿಗೆ ಸಾಕಾಗುವಷ್ಟಿತ್ತು.

ನಾನು ಇಳಿಯಬಹುದಿತ್ತು. ಇಳಿದು ಅವನನ್ನು ಹೆಗಲಿಗೆ ಹತ್ತಿಸಬಹುದಿತ್ತು. ಇಬ್ಬರೂ ಪಾಳಿಯ ಮೇಲೆ ಆ ಸಂದಿಯಲ್ಲಿ ಉಸಿರಾಡಬಹುದಿತ್ತು. ಇದು ಈಗ ಹೊಳೆದದ್ದಲ್ಲ, ಆಗಲೇ ಹೊಳೆದಿತ್ತು. ಕಾಲ ಕೆಳಗೆ ಅವನ ಹೆಗಲು ನಡುಗುತ್ತಿತ್ತು. ನಾನು ಇಳಿಯಲಿಲ್ಲ.

"ಏಜಾಜ?"

"ಹಾಂ."

ಮತ್ತೆ ಸಂದಿಗೆ ಮೂಗು ಹಚ್ಚಿದೆ.

"ಏಜಾಜ?"

ಹೆಗಲು ಮಾತ್ರ ನಿಂತಿತ್ತು. ಬೆನ್ನು ಗೋಡೆಗೆ ಒತ್ತಿಕೊಂಡು ಹೇಗೆ ನಿಂತಿದ್ದನೋ, ಅವನಿಗೇ ಗೊತ್ತು.

ಆಗ ಪೈಪಿನ ಸದ್ದು ನಿಂತಿತು. ಅವನು ಹೇಳಿದ ಹಾಗೆಯೇ.

"ಯಾಕಲೇ ನಿಂತದ?" ಮೇಲೆ ಜಗದೇವಪ್ಪ.

"ವಾಲ್ ಪೂರಾ ಬಿಟ್ಟೇನ್ರಿ," ದೊಡ್ಡಪ್ಪ ಅಂದ. "ಕಸ ಸಿಕ್ಕಿರಬೇಕ್ರಿ."

ಟ್ಯಾಂಕರಿನ ನೀರು ನಿಂತರೆ ನಮ್ಮ ಕಡೆ ಏನು ಮಾಡುತ್ತಾರೆ? ಪೈಪು ಎಳೆದು, ನೆಲಕ್ಕೆ ಎರಡು ಸಲ ಬಡಿದು, ಬಾಯಿಗೆ ಕಣ್ಣು ಹಚ್ಚಿ ನೋಡುತ್ತಾರೆ. ಬೇಸಿಗೆಯಲ್ಲಿ ಓಣಿ ಓಣಿಯಲ್ಲೂ ನೋಡಿದ್ದೇನೆ. ಜಗದೇವಪ್ಪ ಹತ್ತು ಬೇಸಿಗೆ ಅದನ್ನೇ ಮಾಡಿದವನು. ಪೈಪು ಮೇಲಕ್ಕೆ ಹೋಯಿತು. ಚೀಲಗಳು ಕಿತ್ತುಬಂದವು. ಬಿಸಿಲು ನನ್ನ ಮುಖಕ್ಕೆ ಬಿತ್ತು. ಒಂದು ಸಲ ಬಡಿದ ಸದ್ದು ಕೇಳಿತು. ಎರಡು ಸಲ.

ಆಮೇಲೆ ಬಂದೂಕು ಹಾರಿದಂಥ ಸದ್ದು.

ಮೊಣಕೈ ಊರಿ ಮೇಲೆ ಬಂದೆ. ಕಾಲು ಹೆಗಲನ್ನು ಬಿಟ್ಟಾಗ ಕೆಳಗೆ ಏನೋ ಕುಸಿದ ಸದ್ದಾಯಿತು. ಜಗದೇವಪ್ಪ ಅಂಗಳದಲ್ಲಿ ಅಂಗಾತ ಬಿದ್ದಿದ್ದ. ಹಣೆ ಒಳಕ್ಕೆ ಹೋಗಿತ್ತು. ಪಕ್ಕದಲ್ಲಿ, ಹಿಂದಿನ ಒತ್ತಡಕ್ಕೆ ಪೈಪಿನಿಂದ ಸಿಡಿದ ಮುಷ್ಟಿಗಾತ್ರದ ಬರ್ಫದ ಗುಂಡು ಹೊಗೆಯಾಡುತ್ತಿತ್ತು. ಪೊಲೀಸರು ಬರುವಷ್ಟರಲ್ಲಿ ಅದು ಹೊಗೆಯಾಗಿ ಹೋಗಿತ್ತು. ನೀರಿನ ಕಲೆಯೂ ಇರಲಿಲ್ಲ. ದೊಡ್ಡಪ್ಪ ಚಪ್ಪಲಿ ಬಿಟ್ಟು ಓಡಿದ್ದ.

ವಾಲ್ ತಿರುವಿ ಮುಚ್ಚಿ, ಹಗೇವಿನ ಬಾಯಿಗೆ ಬೋರಲು ಬಿದ್ದು ಕೈ ಇಳಿಬಿಟ್ಟೆ. ಯಾರೂ ಹಿಡಿಯಲಿಲ್ಲ.

ಚಿಲಕ ತೆಗೆದ ಕೂಡಲೇ ಚಂದಮ್ಮ ಓಡಿ ಬಂದರು. ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ, ಇಳಿಸಿ, ಎತ್ತಿ, ಒಳಗಿನ ಗಾಳಿ ಕಲಕಿದರು. ದೀಪ ಬಿಟ್ಟರು. ಆರಿತು. ಮತ್ತೆ ಕಲಕಿದರು. ಮೂರು ಸಲ ಆರಿತು. ನಾಲ್ಕನೇ ಸಲ ಉರಿದಾಗ ಓಣಿಯವರು ಇಳಿದು ಅವನನ್ನು ಮೇಲೆ ತಂದರು. ಆಗ ಅವಸರವೇನೂ ಇರಲಿಲ್ಲ.

ಮರುದಿನ ಸಾಹೇಬರು ಫೋನ್ ಮಾಡಿದರು. "ಸಿಕ್ತಾ?"

"ಸಿಕ್ತು."

"ಗುಡ್. ಎಲ್ಲಿದೆ?"

"ಅಂಬಾರಾಯನ ಹೆಂಡತಿ ಕಸ್ತೂರಿಬಾಯಿಗೆ ಕೊಟ್ಟೆ," ಅಂದೆ. ಆ ಕಡೆ ಲೈನು ಕಟ್ಟಾಯಿತು. ನನ್ನ ನೌಕರಿಯೂ ಅದರ ಜೊತೆಗೇ. ಏನೂ ಅನ್ನಿಸಲಿಲ್ಲ. ಈಗ ಆ ವಿಡಿಯೋ ಎಲ್ಲರ ಫೋನಿನಲ್ಲೂ ಇದೆ, ನೀವೂ ನೋಡಿರುತ್ತೀರಿ.

ಹಗೇವಿನೊಳಗೆ ಏನಾಯಿತೆಂದು ಎಲ್ಲರೂ ಕೇಳಿದರು. ಪೊಲೀಸರು, ಪೇಪರಿನವರು, ಚಂದಮ್ಮ. ಪಕ್ಕ ಪಕ್ಕ ನಿಂತಿದ್ದೆವು, ಅವನು ಮೊದಲು ಬಿದ್ದ ಎಂದು ಹೇಳಿದೆ. ಎಲ್ಲರೂ ಬರೆದುಕೊಂಡರು.

ಮೂರನೇ ದಿನ ಜೇವರ್ಗಿಗೆ ಹೋದೆ. ಏಜಾಜನ ತಂದೆ ಶರಫುದ್ದೀನ ಅಲ್ಲಿ ಈಗ ಚಪ್ಪಲಿ ಅಂಗಡಿ ಇಟ್ಟಿದ್ದಾರೆ. ಅಂಗಡಿ ಮುಚ್ಚಿತ್ತು. ಹಿಂದಿನ ಮನೆಯಲ್ಲಿ ಕೂರಿಸಿ ನೀರು ಕೊಟ್ಟರು. ಅದೇ ಮಾತನ್ನು ಅವರಿಗೂ ಹೇಳಿದೆ. ಪಕ್ಕ ಪಕ್ಕ ನಿಂತಿದ್ದೆವು...

ಅವರು ಪೂರಾ ಕೇಳಿಸಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ.

"ಹುಗಿಯೋ ಮುಂಚೆ ಮಗನ ಮಯ್ಯತಿಗೆ ನಾನ ನೀರು ಹಾಕಿದೆ ರಿ," ಅಂದರು. "ಎರಡೂ ಹೆಗಲ ಮ್ಯಾಲ ಕಪ್ಪಗ ಬೂಟಿನ ಗುರುತು ಮೂಡಿತ್ತು. ಉಜ್ಜಿದರೂ ಹೋಗ್ಲಿಲ್ಲ."

ಬಾಗಿಲ ಹೊರಗೆ ನಾನು ಬಿಟ್ಟಿದ್ದ ಬೂಟನ್ನು ಬಹಳ ಹೊತ್ತು ನೋಡಿದರು.

"ನಿಮ್ಮದು ಒಂಬತ್ತನೇ ನಂಬರೇನ್ರಿ?"

"ಹತ್ತು ರಿ," ಅಂದೆ.