ಕುರುಗೋಡಿನ ಒಂದೇ ನಂಬರು

ಸಿರುಗುಪ್ಪದವರು ಈ ಕಥೆಯನ್ನು ಮೌನಿಕಾಳ ಸಂಶಯದಿಂದ ಆರಂಭಿಸುತ್ತಾರೆ. ಕುರುಗೋಡಿನವರು ಜಡೆಮ್ಮನ ಮಿರ್ಚಿಯಿಂದ. ಮೊದಲು ಹುಟ್ಟಿದ್ದು ಸಂಶಯವೇ ಆದ್ದರಿಂದ ಅಲ್ಲಿಂದ ಹೇಳುವುದೇ ನ್ಯಾಯ.

ಮೌನಿಕಾ ಸಿರುಗುಪ್ಪದ ಸರ್ಕಾರಿ ಲ್ಯಾಬಿನಲ್ಲಿ ಗುತ್ತಿಗೆಯ ಟೆಕ್ನಿಷಿಯನ್. ಕುರುಗೋಡಿನ ರಕ್ತದ ಸ್ಯಾಂಪಲ್‌ಗಳೂ ಅವಳ ಮೇಜಿಗೇ ಬರುತ್ತಿದ್ದವು. ಅವುಗಳ ರಿಪೋರ್ಟು ತಾನಾಗಿಯೇ ಬಳ್ಳಾರಿಯ ಕಂಪ್ಯೂಟರನ್ನು ಸೇರುವಂತೆ ಜೋಡಿಸಲು ಬಂದವನು ಸತ್ಯಾತ್ಮ, ಬಳ್ಳಾರಿಯದೇ ಸತ್ಯನಾರಾಯಣಪೇಟೆಯ ಮೆಲುಮಾತಿನ ಹುಡುಗ.

ಬಂದಾಗಲೆಲ್ಲ ಅವಳ ಹಿಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಅವಳು ತಿರುಗಿದರೆ ಅವನ ಕಣ್ಣು ಥಟ್ಟನೆ ಪರದೆಗೆ ಹಾರುತ್ತಿತ್ತು. ಹಾರುವ ಮೊದಲು ಅದು ಎಲ್ಲಿತ್ತೆಂಬುದು ಅವಳ ಜಡೆಗೆ ಗೊತ್ತಿತ್ತು. ನೋಡಲು ಬಂದವನೋ, ತಪ್ಪು ಹುಡುಕಲು ಬಂದವನೋ?

ಒಂದು ದಿನ ಅವನು ಕೇಳಿಯೇಬಿಟ್ಟ. “ಕುರುಗೋಡಿನ ದೊಡ್ಡಬಸಮ್ಮ ಅನ್ನೋರು ಈ ತಿಂಗಳು ದಿನಾ ರಕ್ತ ಕೊಟ್ಟಂಗ ಬಳ್ಳಾರಿಯಾಗ ಕಾಣಸ್ತದ. ಇದು ಹ್ಯಾಂಗರಿ?”

“ಇಲ್ಲದವರ ರಕ್ತ ಬರಕೊಂಡೀನಿ ಅಂತೀರೇನು?”

ತಾನಲ್ಲ, ಮೇಲಿನವರು ಹಾಗೆ ಅನುಮಾನಿಸುತ್ತಿದ್ದಾರೆಂದು ಅವನು ತಡವರಿಸಿದ. ಅವಳ ಗುತ್ತಿಗೆ ಮುಂದುವರಿಯಬೇಕಾದ ಹೊತ್ತು. ಸುಳ್ಳು ಪರೀಕ್ಷೆಯ ಹೆಸರು ಅಂಟಿದರೆ ಜಿಲ್ಲೆಯ ಯಾವ ಲ್ಯಾಬೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಅವನು ತರಿಸಿದ ಚಹಾ ಕೆನೆಗಟ್ಟುವವರೆಗೂ ಅವಳು ಮುಟ್ಟಲಿಲ್ಲ.

ಭಾನುವಾರ, ಆ ದೊಡ್ಡಬಸಮ್ಮನನ್ನು ಕಣ್ಣಾರೆ ಕಾಣಲು ಕುರುಗೋಡಿನ ಬಸ್ಸು ಹತ್ತಿದಳು. ವಿಳಾಸ ಕೇಳಲು ಹೋದರೆ, ಆ ಓಣಿಯ ಆಶಾ ಕಾರ್ಯಕರ್ತೆ ಜಡೆಮ್ಮನ ಮನೆಯ ಕಟ್ಟೆಯ ಮೇಲೆ ಸತ್ಯಾತ್ಮ ಆಗಲೇ ಕುಳಿತಿದ್ದ. ಒಗ್ಗರಣೆಯ ಮಂಡಕ್ಕಿಯಿಂದ ಈರುಳ್ಳಿಯನ್ನು ಬದಿಗೆ ಸರಿಸುತ್ತ, ಮಿರ್ಚಿಗೆ ಬೆವರುತ್ತ.

“ಬೆನ್ನ ಹಿಂದ ವಿಚಾರಣೆ ನಡಸೀರೇನ್ರಿ?”

“ಕುಂದ್ರವ್ವ,” ಎಂದಳು ಜಡೆಮ್ಮ. “ಇವರು ಇನ್ನೂ ಏನೂ ಕೇಳಿಲ್ಲ. ಖಾರ ಹತ್ತೈತಿ.”

ವಿಷಯ ತಿಳಿದ ಮೇಲೆ ಜಡೆಮ್ಮನೇ ಬಿಡಿಸಿ ಹೇಳಿದಳು: “ಹೆಣ್ಮಕ್ಕಳ ಫೋನು ಗಂಡಂದಿರ ಕಿಸೇದಾಗ ಇರ್ತಾವ. ಇವರ ರಿಪೋರ್ಟು ಮೊದಲು ಅವರು ಯಾಕ ನೋಡಬೇಕು? ಅದಕ್ಕ ರಕ್ತ ಕೊಡುವಾಗ ಓಣಿ ಮಂದೆಲ್ಲಾ ನನ್ನ ನಂಬರ್ ಬರಸ್ತಾರ.”

ಬಳ್ಳಾರಿಯ ಕಂಪ್ಯೂಟರಿಗೆ ಒಂದು ನಂಬರೆಂದರೆ ಒಬ್ಬರೇ ವ್ಯಕ್ತಿ. ಜಡೆಮ್ಮನ ನಂಬರಿನಲ್ಲಿ ಮೊದಲು ದಾಖಲಾದವಳು ದೊಡ್ಡಬಸಮ್ಮ. ಓಣಿಯ ರಕ್ತವೆಲ್ಲ ಅವಳ ಹೆಸರಿಗೇ ಹರಿದಿತ್ತು.

ಸತ್ಯಾತ್ಮ ತಟ್ಟೆ ಕೆಳಗಿಟ್ಟ. “ಆ ನಿಯಮ ಹಾಕಿದಾಂವ ನಾನೇ. ತಪ್ಪು ನಂದು.”

ಅಷ್ಟಕ್ಕೆ ಅವಳ ಸಂಶಯ ಕರಗಲಿಲ್ಲ. “ಬಳ್ಳಾರಿಯಾಗ ಕುಂತು ಫೋನಿನ್ಯಾಗ ಕೇಳಬಹುದಿತ್ತಲ್ಲ. ಸಿರುಗುಪ್ಪಕ್ಕ ಅಷ್ಟು ಸಲ ಯಾಕ ಬಂದ್ರಿ?”

ಅವನ ಕಿವಿ ಕೆಂಪಾದವು; ಈ ಬಾರಿ ಮಿರ್ಚಿಯ ತಪ್ಪಿರಲಿಲ್ಲ. “ಕೇಳಬಹುದಿತ್ತು. ಆದ್ರ ನಿಮ್ಮನ್ನ...”

“ಈಗ ಬ್ಯಾಡ,” ಎಂದು ಅವಳು ಕೈಯೆತ್ತಿದಳು. “ಮೊದಲು ಆಫೀಸಿಗೆ ಬರೀರಿ, ತಪ್ಪು ಯಾರದಂತ. ಇದನ್ನ ಹೇಳಿ ಆಮ್ಯಾಲೆ ಬರದ್ರ, ಮನಸಿಗೆ ಬಂದಾಕೀನ ಉಳಿಸಿಕೊಂಡ ಅಂತಾರ. ನನಗ ಆ ಉಪಕಾರ ಬ್ಯಾಡ.”

ಅವನು ಕೈ ಒರೆಸಿಕೊಂಡು ಫೋನಿನಲ್ಲಿ ಬರೆದು ಅವಳ ಮುಂದೆ ಹಿಡಿದ. ‘ಕಚೇರಿಯಿಂದ ತಪ್ಪಾಗಿದೆ’ ಎಂದಿದ್ದುದನ್ನು ಅವಳು ಬೆರಳಿಟ್ಟು ತೋರಿಸಿದಳು. ಅವನು ಅದನ್ನು ಅಳಿಸಿ ತನ್ನ ಹೆಸರು ಬರೆದ. ಕಳಿಸುವ ಗುಂಡಿಯನ್ನು ಅವಳೇ ಒತ್ತಿದಳು. ಹೋಯಿತೆಂಬ ಗುರುತು ಮೂಡುವವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ.

ಜಡೆಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತೆರವಾದ ಜಾಗದಲ್ಲಿ ಮೌನಿಕಾ ಸೆರಗು ಸರಿಪಡಿಸಿಕೊಂಡು ಕುಳಿತಳು.

“ನಿಮ್ಮನ್ನ ಅಂದ್ರಿ,” ಎಂದಳು. “ಈಗ ಮುಂದ ಹೇಳ್ರಿ.”