ಸದ್ದಿಲ್ಲದ ಗಾಡಿಗೆ ಬಿದ್ದ ಸರಪಳಿ

ಹೊಳೆಯ ನಟ್ಟನಡುವೆ ಗಾಡಿಯ ಇಂಜಿನ್ ಸದ್ದು ನಿಂತೊಡನೆ ಟ್ರ್ಯಾಕ್ಟರಿನವನು ಎದ್ದು ಓಡಿದ ಓಟಕ್ಕೆ ದಡದ ಕಪ್ಪೆಗಳೆಲ್ಲ ದಾರಿ ಬಿಟ್ಟವು. ಕೆಸರಿನಲ್ಲಿ ಹೂತ ಗಾಡಿಗಳನ್ನು ಎಳೆದು ತೆಗೆಯುವುದು ಅವನ ಕಸುಬು. ಆ ಗುಡ್ಡದ ದಾರಿಯಲ್ಲಿ ಅವನು ಎಳೆಯದ ಗಾಡಿಯನ್ನು ಯಾವ ಫ್ಯಾಕ್ಟರಿಯೂ ಇನ್ನೂ ತಯಾರಿಸಿಲ್ಲ ಎಂದು ಜನ ಹೇಳುತ್ತಿದ್ದರು. ಮೊದಲು ಹೇಳಿದವನು ಅವನೇ.

ಮೊಣಕಾಲುಮಟ್ಟದ ನೀರಿಗೆ ಹಾರಿ, ಕಣ್ಣು ಮಿಟುಕಿಸುವುದರೊಳಗೆ ಗಾಡಿಯ ಮೂತಿಗೆ ಸರಪಳಿಯ ಕೊಕ್ಕೆ ಸಿಕ್ಕಿಸಿ, ಕೋಟೆ ಗೆದ್ದವನ ಹಾಗೆ ಎದೆ ಸೆಟೆಸಿ ನಿಂತ.

"ಹೆದರಬೇಡಿ, ನಾನಿದ್ದೀನಿ."

ಕಿಟಕಿಯ ಗಾಜು ಇಳಿಯಿತು. ಸ್ಟೀರಿಂಗ್ ಹಿಡಿದಿದ್ದವಳು ಆಸ್ಪತ್ರೆಯ ನರ್ಸು. ಅವಳು ನೋಡಿದ ನೋಟಕ್ಕೆ ಹೊಳೆಯ ನೀರು ಕುದಿಯದೆ ಉಳಿದದ್ದೇ ಹೆಚ್ಚು.

"ಏನ್ ಮಾಡಿಬಿಟ್ರಿ?"

"ಇಂಜಿನ್ ಸತ್ತೋಯ್ತಲ್ಲ..."

"ಸತ್ತಿರಲಿಲ್ಲ. ಇದು ಹೈಬ್ರಿಡ್. ನಿಧಾನಕ್ಕೆ ಹೋಗುವಾಗ ಇಂಜಿನ್ ತಾನಾಗೇ ಸುಮ್ಮನಾಗುತ್ತೆ, ಬ್ಯಾಟರಿ ಮೋಟಾರ್ ಎಳೆಯುತ್ತೆ. ಹೋಗ್ತಾನೇ ಇದ್ದೆ ನಾನು."

ಹಿಂದಿನ ಸೀಟಿನಲ್ಲಿದ್ದ ದೊಡ್ಡ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕಾಗದದ ಮೇಲೆ ಏನೋ ಗೀಚಿದರು. ಅಂದು ನಡೆಯುತ್ತಿದ್ದದ್ದು ಆಸ್ಪತ್ರೆಗೆಂದು ಬಂದ ಹೊಸ ಗಾಡಿಯ ಪರೀಕ್ಷೆ. ನಿಯಮ ಒಂದೇ: ಯಾರ ಸಹಾಯವೂ ಇಲ್ಲದೆ ಗಾಡಿ ಗುಡ್ಡದ ಮೇಲಿನ ಊರು ಮುಟ್ಟಬೇಕು. ಮುಟ್ಟಿದರೆ ಗಾಡಿ ಈ ಆಸ್ಪತ್ರೆಗೆ, ಇಲ್ಲವಾದರೆ ಬಯಲಿನ ಆಸ್ಪತ್ರೆಗೆ. ಮೇಲಿನ ಊರಿನಲ್ಲಿ ಹತ್ತೊಂಬತ್ತು ಬಸುರಿಯರಿದ್ದರು. ನೋವು ಬಂದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಇಳಿಸಬೇಕಿತ್ತು. ಹೋದ ತಿಂಗಳು ಒಬ್ಬಳು ಕುರ್ಚಿಯಲ್ಲೇ, ನಡುದಾರಿಯಲ್ಲೇ ಹೆತ್ತಿದ್ದಳು. ಕೂಸನ್ನು ಹಿಡಿದುಕೊಂಡ ಕೈ ಈ ನರ್ಸಿನದು.

"ಬರೀ ಸಿಕ್ಕಿಸಿದಾರೆ ಸರ್, ಎಳೆದಿಲ್ಲ," ಎಂದಳು ನರ್ಸು.

"ಸಿಕ್ಕಿಸೋದೂ ಸಹಾಯಾನೇ ಕಣಮ್ಮ," ಎಂದರು ಡಾಕ್ಟರು.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

"ಎರಡು ಗುಡ್ಡದ ಆಚೆ ಲಾರಿ ಕೆಮ್ಮಿದ್ರೆ ಯಾವ ನಟ್ಟು ಸಡಿಲ ಅಂತ ಹೇಳ್ತೀಯ," ಎಂದಳು ಅವನ ಅಮ್ಮ. "ಮೂಗಿನ ಮುಂದೆ ಗಾಡಿ ಹೋಗ್ತಿರೋದು ಗೊತ್ತಾಗ್ಲಿಲ್ವಾ ನಿಂಗೆ?"

ಕಾಫಿಯನ್ನೂ ಮುಟ್ಟದೆ ಅವನು ಎದ್ದ. ಸಂಜೆ ಐದಕ್ಕೆ ಡಾಕ್ಟರ ಮೇಜಿನ ಮುಂದಿದ್ದ.

"ತಪ್ಪು ನಿಮ್ದೇ ಅಂತ ಬರೆದು ಸಹಿ ಹಾಕ್ತೀರಾ?"

"ಹಾಕ್ತೀನಿ ಸರ್. ಬಸ್ ಸ್ಟ್ಯಾಂಡಲ್ಲಿ ಬೇಕಾದ್ರೂ ಅಂಟಿಸಿ."

ಯಾರ ಮುಂದೆಯೂ ಒಂದು ಬೆರಳಿನಷ್ಟೂ ಬಾಗದ ಕತ್ತು ಅದು. ಅಂದು ಕಾಗದ ಮುಟ್ಟುವಷ್ಟು ಬಾಗಿತು. ಬಾಗಿಲ ಪಕ್ಕದಲ್ಲಿ ಔಷಧಿ ಜೋಡಿಸುತ್ತಿದ್ದ ನರ್ಸು ತಲೆ ಎತ್ತಲಿಲ್ಲ. ಆದರೆ ಒಂದೇ ಬಾಟಲಿಯನ್ನು ನಾಲ್ಕು ಸಲ ಎತ್ತಿಟ್ಟಳು.

"ನಾಳೆ ಒಂದೇ ಒಂದು ಸಲ," ಎಂದರು ಡಾಕ್ಟರು. "ನೀವೂ ಗಾಡೀಲೇ ಕೂತ್ಕೊಳ್ಳಿ. ಓಡಿ ಬರೋದಾದ್ರೂ ತಪ್ಪುತ್ತೆ."

ಆಕಾಶಕ್ಕೂ ನರ್ಸಿನ ಮೇಲೆ ಹಗೆ ಇತ್ತೋ ಏನೋ, ಬೆಳಗಾಗುವುದರೊಳಗೆ ಮೂರು ವರ್ಷದ ಮಳೆಯನ್ನು ಒಟ್ಟಿಗೆ ಸುರಿದು ಮುಗಿಸಿತ್ತು. ಅವಳು ಸೀರೆಯನ್ನು ಎತ್ತಿ ಕಟ್ಟಿ, ಕೋಲು ಹಿಡಿದು ಹೊಳೆಯನ್ನು ತಾನೇ ನಡೆದು ಅಳೆದಳು. ಕೆಸರಿನಲ್ಲಿ ಹಿಡಿತ ಸಿಗಲೆಂದು ಟೈರುಗಳ ಗಾಳಿ ಕೊಂಚ ಇಳಿಸಿದಳು. ಹತ್ತಿ ಕೂತಳು. ಪಕ್ಕದ ಸೀಟಿನಲ್ಲಿ ಅವನು ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡಿದ್ದ.

"ಕೈ ಯಾಕೆ ಹಾಗೆ?"

"ತಾವಾಗೇ ಸಹಾಯಕ್ಕೆ ಹೋಗ್ತವೆ ಮೇಡಂ. ನಂಬೋಕಾಗಲ್ಲ."

ಹೊಳೆ ದಾಟಿತು. ಬಂಡೆಗಳ ಮೇಲೆ ಗಾಡಿ ಬಸವನಹುಳುವಿನಂತೆ ತೆವಳಿತು. ಅವಳ ಕಣ್ಣು ದಾರಿಯ ಮೇಲೆ. ಅವನ ಕಣ್ಣು ಅವಳ ಕಿವಿಯ ಹಿಂದೆ ಒದ್ದೆಯಾಗಿ ಅಂಟಿದ ಒಂದೆಳೆ ಕೂದಲ ಮೇಲೆ.

"ದಾರಿ ಎದುರಿಗಿದೆ," ಎಂದಳು ತಿರುಗದೆ. "ಅಂದ ಹಾಗೆ, ಊರಿಗೆಲ್ಲ ನಾನು ಸಿಸ್ಟರ್. ನೀವೊಬ್ರೇ ಯಾಕೆ ಮೇಡಂ ಅನ್ನೋದು?"

"ಆ ಪದಕ್ಕೆ ನನ್ನ ನಾಲಿಗೆ ಹೊರಳಲ್ಲ."

ಅವಳ ತುಟಿಯ ಅಂಚು ಸ್ವಲ್ಪ, ಎಳ್ಳಿನಷ್ಟು, ನಡುಗಿತು. ಹಿಂದೆ ಡಾಕ್ಟರು ಸುಮ್ಮನೆ ಕೆಮ್ಮಿದರು.

ಕೊನೆಯ ಏರು ಜೇಡಿಮಣ್ಣಿನದು. ಮೇಕೆಯೂ ಅಲ್ಲಿ ಒಮ್ಮೆ ಯೋಚಿಸಿ ಹತ್ತುತ್ತಿತ್ತು. ಇಂಜಿನ್ ಗುಡುಗಿತು, ಚಕ್ರಗಳು ಬಿರ್ರನೆ ತಿರುಗಿದವು, ಗಾಡಿ ಜಾರಿತು. ಅವಳು ಹಿಂದಕ್ಕೆ ಬಂದು ಮತ್ತೆ ಏರಿಸಿದಳು. ಮತ್ತೆ ಜಾರಿತು. ಮೂರನೆಯ ಸಲ ಕಿಟಕಿಗಳಿಗೆಲ್ಲ ಕೆಸರು ಬಡಿಯಿತು.

"ಸಾಕಮ್ಮ," ಎಂದರು ಡಾಕ್ಟರು.

"ಮೇಲೆ ಒಬ್ಬಳಿಗೆ ಬಿಪಿ ಏರಿದೆ ಸರ್. ಅವಳಿಗೆ ಸಾಕು ಅಂತ ಯಾರು ಹೇಳ್ತಾರೆ?"

ಅವನು ಮೆಲ್ಲಗೆ ಹಿಂದೆ ತಿರುಗಿದ. "ಮಾತಾಡೋದು ಸಹಾಯಾನಾ ಸರ್?"

"ಪಕ್ಕದಲ್ಲಿ ಕೂತೋರ ಬಾಯಿ ಮುಚ್ಚಿಸೋ ನಿಯಮ ನಾನು ಎಲ್ಲೂ ಓದಿಲ್ಲ."

ಅವನು ಗಾಜಿಳಿಸಿ ತಲೆ ಹೊರಗೆ ಹಾಕಿದ. "ಬ್ಯಾಟರಿ ಮೇಲೇ ಹೋಗಿ. ಸದ್ದೇ ಬೇಡ."

"ಬ್ಯಾಟರೀಲಿ ಎರಡೇ ಗೆರೆ ಉಳಿದಿದೆ."

"ಎರಡು ಸಾಕು. ನನಗೆ ನೆಲ ಕೇಳಿಸಬೇಕು."

ಇಂಜಿನ್ ಸುಮ್ಮನಾಯಿತು. ಅಷ್ಟು ವರ್ಷ ಬರೀ ಇಂಜಿನ್ನುಗಳನ್ನೇ ಕೇಳಿದ್ದ ಕಿವಿಗೆ ಮೊದಲ ಸಲ ಟೈರಿನಡಿಯ ಮಣ್ಣು ಮಾತಾಡಿತು. ಬಲಕ್ಕೆ ಪಿಚಪಿಚ. ಎಡಕ್ಕೆ, ಕೆಸರಿನಡಿ ಎಲ್ಲೋ, ಕರಕರ.

"ಎಡಕ್ಕೆ. ಇನ್ನೂ ಒಂದು ಗೇಣು. ಕೆಳಗೆ ಜಲ್ಲಿ ಇದೆ. ಹಾಗೇ... ಒತ್ತಬೇಡಿ... ಹಾಗೇ."

ಅವಳು ಹಾಗೇ ಹೋದಳು. ಒಂದು ಗೆರೆ ಆರಿತು. ಇನ್ನೊಂದು ಮಿಣುಕತೊಡಗಿತು. ಮುಂದಿನ ಚಕ್ರಗಳು ಗಟ್ಟಿ ನೆಲ ಕಚ್ಚಿದವು, ಹಿಂದಿನವೂ ಬಂದವು, ಗುಡ್ಡದ ಮೇಲಿನ ಊರು ಇಡೀ ಭೂಮಂಡಲದಷ್ಟು ಅಗಲವಾಗಿ ಎದುರಿಗೆ ತೆರೆದುಕೊಂಡಿತು.

ಅವಳು ಯಾರ ಮುಖವನ್ನೂ ನೋಡಲಿಲ್ಲ. ಬ್ಯಾಗ್ ಎತ್ತಿಕೊಂಡು ಬಿಪಿಯವಳ ಮನೆಗೆ ಓಡಿದಳು. ಮರಳಿ ಬರುವಷ್ಟರಲ್ಲಿ ಡಾಕ್ಟರು ಗಾಡಿಯ ಬಾನೆಟ್ಟಿನ ಮೇಲೇ ಕಾಗದವಿಟ್ಟು ಸಹಿ ಹಾಕಿದ್ದರು.

"ಗಾಡಿ ನಿಮ್ಮದೇ. ನಾನು ನಡ್ಕೊಂಡು ಇಳೀತೀನಿ. ಈ ಕುಲುಕಾಟ ತಡೆಯೋ ವಯಸ್ಸು ನನ್ನ ಮೂಳೆಗಳಿಗಿಲ್ಲ, ನಿಮ್ಮಿಬ್ಬರ ನಡುವೆ ಕೆಮ್ಮೋದಕ್ಕೂ ಶಕ್ತಿ ಇಲ್ಲ."

ಇಳಿಜಾರಿನಲ್ಲೂ ಅವನು ಕೈಗಳನ್ನು ಮತ್ತೆ ತೊಡೆಯಡಿ ಇಟ್ಟುಕೊಂಡೇ ಕೂತಿದ್ದ.

"ಇನ್ಮೇಲೆ ನಾನು ಹೂತ್ಕೊಳ್ಳಲ್ಲ," ಎಂದಳು ಅವಳು.

"ಅದೇ ಯೋಚನೆ ನಂಗೂ. ಹೂತ್ಕೊಳ್ಳದೋರ ಹತ್ರ ಏನು ನೆಪ ಹೇಳ್ಕೊಂಡು ಬರೋದು?"

"ನೆಪ ಬೇಕಾ?"

ಅವನು ತೊಡೆಯಡಿಯಿಂದ ಕೈ ತೆಗೆದ. ಎಲ್ಲಿಡಬೇಕೋ ತಿಳಿಯಲಿಲ್ಲ. "ಬೇಡ. ನೀವಂದ್ರೆ ನಂಗಿಷ್ಟ. ನಿಮ್ಮ ದಾರೀಲೇ ಇರಬೇಕು ಅನ್ಸುತ್ತೆ, ಅಷ್ಟೇ."

"ವಾರಕ್ಕೆ ಎರಡು ಸಲ ಮೇಲೆ ಬರ್ತೀನಿ. ಪಕ್ಕದ ಸೀಟು ಖಾಲಿ."

"ಉಳಿದ ಐದು ದಿನ?"

ಅವಳು ಬ್ರೇಕು ಒತ್ತಿದಳು. ಆ ಗಾಡಿಯಲ್ಲಿ ಇಳಿಯುವಾಗ ಬ್ರೇಕು ಒತ್ತಿದಷ್ಟೂ ಬ್ಯಾಟರಿ ತುಂಬುತ್ತದೆ. ಅಂದು ಅದು ತುಂಬಿ ತುಳುಕಿದ ಮೇಲೂ ಅವಳು ಒತ್ತುತ್ತಲೇ ಇದ್ದಳು. ಅರ್ಧ ಗಂಟೆಯ ಇಳಿಜಾರು ಎರಡು ಗಂಟೆ ಹಿಡಿಯಿತು. ನಡೆದು ಹೊರಟ ಡಾಕ್ಟರು ಅಷ್ಟರಲ್ಲಿ ಆಸ್ಪತ್ರೆ ಮುಟ್ಟಿ, ಕೈಕಾಲು ತೊಳೆದು, ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದಿದ್ದರು.